ಗಾಳಿಯಾಡದ ನೆಲ

ಹೋದ ವಾರ ಕ್ರಾನ್‌ಬರ್ನ್‌ನಲ್ಲಿರುವ ಮಗಳ ಮನೆಯಲ್ಲಿ ಹಳೆಯ ಸೂಟ್‌ಕೇಸೊಂದನ್ನು ತೆರೆದೆ. ಒಳಗಿನ ಉಣ್ಣೆಯ ಕೋಟಿನಿಂದ ಮುಗ್ಗಲು ವಾಸನೆ ಎದ್ದು ಬಂತು. ನೀವಾದರೆ ಬಿಸಿಲಿಗೆ ಹರವಿ ಸುಮ್ಮನಾಗುತ್ತಿದ್ದಿರಿ. ನನಗೆ ಸಿಡ್ನಿಯ ಕ್ವೇಕರ್ಸ್ ಹಿಲ್‌ನ ಮನೆಯೂ ಹೆಂಡತಿ ರತ್ನಳೂ ನೆನಪಾಗಿ ಅಲ್ಲೇ ಕುಳಿತುಬಿಟ್ಟೆ.

ತೊಂಬತ್ತರ ದಶಕದ ಆರಂಭದಲ್ಲಿ ಕೊಂಡ ಮನೆ. ಇಟ್ಟಿಗೆಯ ಗಿಡ್ಡ ಕಂಬಗಳ ಮೇಲೆ ಮರದ ನೆಲ. ಅದರಡಿ ಮನುಷ್ಯ ತೆವಳಿ ಹೋಗುವಷ್ಟು ಖಾಲಿ ಜಾಗ. ಅಲ್ಲಿ ಗಾಳಿಯಾಡಲೆಂದೇ ಗೋಡೆಯ ಬುಡದಲ್ಲಿ ಸಾಲಾಗಿ ತೂತಿನ ಇಟ್ಟಿಗೆಗಳನ್ನಿಟ್ಟಿದ್ದರು. ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿ ಸೇತುವೆಗಳ ಡಿಸೈನ್ ಮಾಡುತ್ತಿದ್ದ ನಾನು ಅವು ಬರೀ ಅಲಂಕಾರವೆಂದುಕೊಂಡೆ! ಮೊದಲ ಬೇಸಿಗೆಯಲ್ಲೇ ಹಿತ್ತಲಿಗೆ ಕೈಯಾರೆ ಕಾಂಕ್ರೀಟ್ ಹಾಕಿದೆ, ಗೋಡೆಗೆ ತಾಗಿಸಿ, ದಪ್ಪಗೆ. ಬಂದವರಿಗೆಲ್ಲ ತೋರಿಸಿದೆ.

ಮುಂದಿನ ಚಳಿಗಾಲಕ್ಕೆ ವಾಸನೆ ಶುರುವಾಯಿತು. ಊಟಕ್ಕೆ ಬಂದಿದ್ದ ಸ್ನೇಹಿತರ ಮಗುವೊಂದು, "ಮಮ್ಮಿ, ಇಟ್ ಸ್ಮೆಲ್ಸ್ ಹಿಯರ್," ಎಂದಿತು. ರತ್ನಳ ಮುಖ ಸಣ್ಣದಾಯಿತು. ಅವರು ಹೋದ ಮೇಲೆ ಕೇಳಿದಳು: "ನಿಜ ಹೇಳ್ರೀ, ನನ್ನ ಅಡುಗೆ ವಾಸನೆನಾ?"

"ಇನ್ನೇನು ಮತ್ತೆ? ಕಿಟಕಿ ಮುಚ್ಕೊಂಡು ದಿನಾ ಇಂಗಿನ ಒಗ್ಗರಣೆ ಹಾಕಿದ್ರೆ ಕಾರ್ಪೆಟ್ ಎಲ್ಲಾ ಹಿಡ್ಕೊಳ್ಳಲ್ವಾ?"

ಎಷ್ಟು ಸಲೀಸಾಗಿ ಅಂದುಬಿಟ್ಟೆ. ಅಂದಿನಿಂದ ಅವಳು ಇಂಗು ಬಿಟ್ಟಳು, ಆಮೇಲೆ ಬೆಳ್ಳುಳ್ಳಿ. ವೆಸ್ಟ್‌ಮೀಡ್‌ನ ಲ್ಯಾಬ್ ಕೆಲಸಕ್ಕೆ ಹೊರಡುವ ಮುಂಚೆ ತನ್ನ ಕಾರ್ಡಿಗನ್ ಮೂಸಿ ನೋಡುವಳು. ಕೊರೆಯುವ ಚಳಿಯಲ್ಲಿ ಗ್ಯಾರೇಜಿನಲ್ಲಿ ಒಲೆ ಇಟ್ಟುಕೊಂಡು ಸಾರು ಕುದಿಸಿದಳು. ಯಾರನ್ನೂ ಮನೆಗೆ ಕರೆಯದಾದಳು. ವಾಸನೆ ಮಾತ್ರ ಹೋಗಲಿಲ್ಲ.

ನಾಲ್ಕನೆಯ ವರ್ಷ ಊಟದ ಮೇಜಿನ ಕಾಲು ಕಾರ್ಪೆಟ್ ಸಮೇತ ನೆಲದೊಳಗೆ ಕುಸಿಯಿತು. ರಿಪೇರಿಗೆ ಬಂದ ಮುದುಕ ಬಡಗಿ ಟಾರ್ಚ್ ಹಿಡಿದು ನೆಲದಡಿಗೆ ತೆವಳಿದ. ಮೈಯೆಲ್ಲ ಕೆಸರಾಗಿ ಹೊರಬಂದ. ತೊಲೆಗಳು ಬೆರಳು ತಾಗಿಸಿದರೆ ಪುಡಿಯಾಗುತ್ತಿದ್ದವಂತೆ. ಹಿತ್ತಲ ಬದಿಯ ಗಾಳಿಕಿಂಡಿಗಳೆಲ್ಲ ಕಾಂಕ್ರೀಟಿನಡಿ ಹೂತುಹೋಗಿದ್ದವು. ಅದರ ಇಳಿಜಾರೂ ಗೋಡೆಯ ಕಡೆಗೇ ಇದ್ದುದರಿಂದ ಮಳೆನೀರು ಒಳಗಿಳಿದು, ಆರಲು ದಾರಿಯಿಲ್ಲದೆ ನಿಂತಿತ್ತು.

"ಹೂ ಡಿಡ್ ದಿಸ್, ಮೇಟ್?" ಎಂದು ಕೇಳಿದ.

"ಹಿಂದಿನ ಮಾಲೀಕ," ಎಂದೆ.

ಸಂಜೆ ರತ್ನ ಬಂದು, "ಏನಂತ್ರೀ?" ಎಂದಳು.

"ಗೆದ್ದಲು."

"ಹಾಗಾದ್ರೆ ವಾಸನೆ?"

"ಅದು ಬೇರೆ."

ಗೆದ್ದಲಿನ ಔಷಧಿಗೆಂದು ನೆಪ ಹೇಳಿ ಗೋಡೆಯುದ್ದಕ್ಕೂ ಕಾಂಕ್ರೀಟ್ ಒಡೆಸಿದೆ. ಕಿಂಡಿಗಳು ತೆರೆದವು, ನೆಲದಡಿ ಒಣಗಿತು, ವಾಸನೆ ಹೋಯಿತು. ತಾನು ಇಷ್ಟು ವರ್ಷ ಇಂಗು, ಬೆಳ್ಳುಳ್ಳಿ ಬಿಟ್ಟಿದ್ದಕ್ಕೇ ಕೊನೆಗೂ ಹೋಯಿತೆಂದು ಅವಳು ನಂಬಿದಳು. ನಾನು ನಂಬಲು ಬಿಟ್ಟೆ. ಮತ್ತೆಂದೂ ಅವಳು ಇಂಗಿನ ಡಬ್ಬಿ ಮುಟ್ಟಲಿಲ್ಲ. ಅವಳು ತೀರಿಕೊಂಡು ಈಗ ಮೂರು ವರ್ಷ.

ನಿನ್ನೆ ಸಂಜೆ ಇದನ್ನೆಲ್ಲ ಮಗಳು ಸ್ಮಿತಾಗೆ ಹೇಳಿದೆ. ಪಾತ್ರೆ ತೊಳೆಯುತ್ತಿದ್ದವಳು ನಲ್ಲಿ ನಿಲ್ಲಿಸಿದಳು.

"ಷಿ ನೆವರ್ ಲೆಟ್ ಮಿ ಬ್ರಿಂಗ್ ಫ್ರೆಂಡ್ಸ್ ಹೋಮ್, ಅಪ್ಪಾ," ಎಂದಳು.

ಇನ್ನೇನಾದರೂ ಅನ್ನುತ್ತಾಳೆಂದು ಕಾದೆ. ಬೈದರೂ ಸಾಕಿತ್ತು. ಇವತ್ತು ಬೆಳಿಗ್ಗೆ ಎಂದಿನಂತೆ ನನ್ನ ತಟ್ಟೆಗೆ ಉಪ್ಪಿಟ್ಟು ಬಡಿಸಿದಳು. ನನ್ನ ಮುಖ ನೋಡಲಿಲ್ಲ.