ಮೇ ತಿಂಗಳ ಹುಲಿ

ಮಣಿಪಾಲದಲ್ಲಿ ಜ್ಯೂಸ್ ಅಂಗಡಿಯೊಂದರ ಮೇಲ್ಮಹಡಿಯಲ್ಲಿ ನನ್ನ ಟ್ಯಾಟೂ ಸ್ಟುಡಿಯೋ ಇದೆ. ಬರುವವರಲ್ಲಿ ಹೆಚ್ಚಿನವರು ಕಾಲೇಜಿನ ಮಕ್ಕಳು. ಅವರಿಗೆ ಬೇಕಾದದ್ದು ಹಕ್ಕಿಯ ಗರಿ, ಗಡಿಯಾರ, ಇಲ್ಲವೇ ಮೊನ್ನೆ ಮೊನ್ನೆ ಪರಿಚಯವಾದ ಯಾರದೋ ಹೆಸರು. ಹೆಸರು ಬೇಡ ಎಂದು ನಾನು ಹೇಳುತ್ತೇನೆ. ಅವರು ಕೇಳುವುದಿಲ್ಲ. ಮುಂದಿನ ವರ್ಷ ಬಂದು ಅದೇ ಹೆಸರಿನ ಮೇಲೆ ಗರಿ ಹಾಕಿಸಿಕೊಳ್ಳುತ್ತಾರೆ. ಹೀಗಾಗಿ ಗರಿಗೆ ಯಾವ ಕಾಲಕ್ಕೂ ಬೇಡಿಕೆ ಇದೆ.

ಈ ಕೆಲಸವನ್ನು ಯಾರಿಂದ ಕಲಿತಿರಿ ಎಂದು ಕೇಳುವವರಿದ್ದಾರೆ. ಅಪ್ಪನಿಂದ ಎಂದರೆ, ಅವರದೂ ಸ್ಟುಡಿಯೋ ಇತ್ತೇ ಎನ್ನುತ್ತಾರೆ. ಇರಲಿಲ್ಲ. ಅಪ್ಪ ಕಾಪುವಿನಲ್ಲಿ ದೋಣಿಗಳಿಗೆ, ಅಂಗಡಿ ಬೋರ್ಡುಗಳಿಗೆ ಬಣ್ಣ ಹಚ್ಚುತ್ತಿದ್ದರು. ಕೃಷ್ಣಾಷ್ಟಮಿ ಬಂತೆಂದರೆ ಉಡುಪಿಗೆ ಹೋಗಿ, ಹುಲಿಯಾಗಿ ಕುಣಿಯುವ ಹುಲಿವೇಷದವರ ಮೈಮೇಲೆ ಪಟ್ಟೆ ಬರೆಯುತ್ತಿದ್ದರು. ವೇಷದವರು ಚಡ್ಡಿ ಹಾಕಿಕೊಂಡು, ಅಡ್ಡ ಕಟ್ಟಿದ ಬಿದಿರಿಗೆ ಎರಡೂ ಕೈ ಚಾಚಿ, ಹಳದಿ ಬಣ್ಣ ಒಣಗುವವರೆಗೆ ನಿಂತೇ ಇರಬೇಕು. ಆಮೇಲೆ ಕಪ್ಪು ಪಟ್ಟೆ. ಅಪ್ಪ ಬೆನ್ನಿನಿಂದಲೇ ಶುರುಮಾಡುತ್ತಿದ್ದರು. ಹೊಟ್ಟೆಗೆ ಬಂದಾಗ ಉಸಿರು ಬಿಡಲು ಹೇಳಿ, ವೇಷದವನು ಮತ್ತೆ ಎಳೆದುಕೊಳ್ಳುವುದರೊಳಗೆ ಪಟ್ಟೆ ಮುಗಿಸುತ್ತಿದ್ದರು. ಚರ್ಮ ಗೋಡೆಯಲ್ಲ ಎಂಬುದನ್ನು ನಾನು ಕಲಿತದ್ದು ಅಲ್ಲಿ.

ಕಲಿತದ್ದು ಸ್ವಲ್ಪ ಹೆಚ್ಚೇ ಆಯಿತು. ಕೈಚಾಚಿ ನಿಂತ ಗಂಡಸರನ್ನೇ ನೋಡಿ ಬೆಳೆದವಳಾದ್ದರಿಂದ, ನನ್ನ ಮೊದಲ ಗಿರಾಕಿಯನ್ನೂ ಹಾಗೆಯೇ ನಿಲ್ಲಿಸಿ ಕಂಕುಳ ಕೆಳಗೆ ಒಂದು ಮೀನಿನ ನಕ್ಷೆ ಮೂಡಿಸಿದೆ. ಅವನು ಕೈ ಎತ್ತಿದರೆ ಅದು ದೊಡ್ಡ ಬಂಗುಡೆ, ಇಳಿಸಿದರೆ ಕುಗ್ಗಿ ಸಣ್ಣ ಬೂತಾಯಿ. ಉತ್ತರ ಭಾರತದ ಹುಡುಗ, ಸಸ್ಯಾಹಾರಿ. ಅವನಿಗೆ ವ್ಯತ್ಯಾಸ ಗೊತ್ತಾಗಲಿಲ್ಲ.

ಅಪ್ಪ ನನ್ನ ಸ್ಟುಡಿಯೋಕ್ಕೆ ಒಮ್ಮೆ ಬಂದಿದ್ದರು. ಕುರ್ಚಿ, ದೀಪ, ಗ್ಲೌಸು ಎಲ್ಲ ನೋಡಿ, "ಹಲ್ಲು ಎಲ್ಲಿ ತೆಗೆಯುವುದು?" ಎಂದು ಕೇಳಿ ಬಸ್ಸು ಹತ್ತಿದರು. ಅಪ್ಪ ಮಾತಾಡುವುದು ತುಳು. ಕನ್ನಡಕ್ಕೆ ತಂದಾಗ ಅವರ ಮಾತಿಗೆ ಸ್ವಲ್ಪ ಮರ್ಯಾದೆ ಬರುತ್ತದೆ.

ಕಾರ್ಕಳದ ಆ ಮನುಷ್ಯ ಬಂದದ್ದು ಮೇ ತಿಂಗಳಲ್ಲಿ. ಗಲ್ಫಿನಲ್ಲಿ ಕೆಲಸ, ರಜೆಯಲ್ಲಿ ಊರಿಗೆ ಬಂದಿದ್ದ. ಅವನ ಮಗಳಿಗೆ ಹಾಲು ಕುಡಿಯುವ ವಯಸ್ಸಿನಲ್ಲಿ ನ್ಯುಮೋನಿಯಾ ಆಗಿತ್ತು. ಮಗು ಉಳಿದರೆ ಮಗನಿಂದ ಮೂರು ಅಷ್ಟಮಿಗೆ ಹುಲಿವೇಷ ಹಾಕಿಸುತ್ತೇನೆಂದು ಅವನ ತಾಯಿ ಹರಕೆ ಹೊತ್ತಿದ್ದರು. ಮಗು ಉಳಿಯಿತು. ಅವನು ಎರಡು ಸಲ ವೇಷ ಹಾಕಿದ. ಆಮೇಲೆ ಕಂಪೆನಿ ಅಷ್ಟಮಿಗೆ ರಜೆ ಕೊಡಲಿಲ್ಲ.

"ಮಗುವಿಗೆ ಶೀತ ಆದರೂ ಅಮ್ಮ ಫೋನ್ ಮಾಡಿ ಒಂದು ಬಾಕಿ ಉಂಟು ಅಂತಾರೆ," ಎಂದ. "ಅಲ್ಲಿ ಕೂತು ನಾನು ಎಂತ ಮಾಡುವುದು ಮೇಡಂ? ನನಗೂ ಹೆದರಿಕೆ ಆಗ್ತದೆ. ನೀವು ಬೆನ್ನಿಗೆ ಪೂರ್ತಿ ಹುಲಿಪಟ್ಟೆ ಹಾಕಿಬಿಡಿ. ಶರ್ಟ್ ಹಾಕಿದರೆ ಕಂಪೆನಿಯವರಿಗೆ ಕಾಣುವುದಿಲ್ಲ. ದೇವರಿಗೆ ಕಾಣ್ತದೆ."

ಇದರಲ್ಲಿ ನನಗೆ ಯಾವ ತಪ್ಪೂ ಕಾಣಲಿಲ್ಲ. ನಿಜ ಹೇಳಬೇಕೆಂದರೆ, ನಾನು ಹುಡುಕಲೂ ಇಲ್ಲ. ಗರಿ ಬರೆದು ಬರೆದು ಸಾಕಾಗಿದ್ದವಳಿಗೆ ಒಂದು ಇಡೀ ಬೆನ್ನು ಸಿಕ್ಕಿತ್ತು. ಊಟ ತಿಂಡಿ ಮರೆತು ನಕ್ಷೆ ಬರೆದೆ. ಅದು ನನ್ನ ಜೀವಮಾನದ ಕೆಲಸ ಎಂದೇ ನಂಬಿದ್ದೆ.

ನಕ್ಷೆ ಹಿಡಿದುಕೊಂಡು ಕಾಪುವಿಗೆ ಹೋಗಿ, ಹರಕೆಯ ಕಥೆ ಹೇಳಿ ಅಪ್ಪನಿಗೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ತುಂಬ ಹೊತ್ತು ನೋಡಿದರು. ಭುಜದ ಹತ್ತಿರ ಒಂದು ಪಟ್ಟೆಯನ್ನು ಪೆನ್ಸಿಲಿನಿಂದ ತಿದ್ದಿದರು. ನನಗೆ ಕಣ್ಣು ತುಂಬಿ ಬಂತು. ನನ್ನ ಕೆಲಸವನ್ನು ಅವರು ತಿದ್ದಿದ್ದು ಅದೇ ಮೊದಲು.

"ತೆಗೆಯುವುದು ಯಾವಾಗ?" ಎಂದು ಕೇಳಿದರು.

"ಇದು ಹೋಗುವುದಿಲ್ಲ ಅಪ್ಪ."

"ಮತ್ತೆ ಹರಕೆ ಮುಗಿಯುವುದು ಹೇಗೆ? ಬಣ್ಣ ಹಾಕಿ, ಕುಣಿದು, ದೇವರಿಗೆ ಕೈ ಮುಗಿದು, ಬಣ್ಣ ತೆಗೆದು ಸ್ನಾನ ಮಾಡಿದ ಮೇಲೆ ಅವನು ಪುನಃ ಮನುಷ್ಯ. ಆಗ ಮುಗಿಯಿತು. ನೀನು ಹೀಗೆ ಬರೆದರೆ ಅವ ಸಾಯುವವರೆಗೆ ಹರಕೆ ಬಾಕಿ."

ನನಗೆ ಸಿಟ್ಟು ಬಂತು. ದೇವರಿಗೆ ಇಷ್ಟೆಲ್ಲ ಕಾನೂನು ಇರುವುದಿಲ್ಲ ಎಂದು ವಾದಿಸಿದೆ. ಇರಲಿಕ್ಕಿಲ್ಲ, ಆದರೆ ಅವನ ತಾಯಿಗೆ ಇರುತ್ತದೆ ಎಂದರು ಅಪ್ಪ. ಬಾಯಿ ಮುಚ್ಚಿಕೊಂಡು ಬೆನ್ನು ಬರೆದುಬಿಡಬಹುದಿತ್ತು. ಆದರೆ ಆ ಮಗುವಿಗೆ ಎಂದಾದರೂ ಜ್ವರ ಬಾರದೆ ಇರುವುದಿಲ್ಲ. ಬಂದಾಗ ಅವನು ಯಾವುದೋ ದೇಶದಲ್ಲಿ ಕೈಗೆ ಎಟುಕದ ಬೆನ್ನನ್ನು ಹೊತ್ತು ಕೂತಿರುತ್ತಾನೆ. ಮನಸ್ಸಿಲ್ಲದ ಮನಸ್ಸಿನಿಂದ ಅಲ್ಲಿಂದಲೇ ಅವನಿಗೆ ಫೋನ್ ಮಾಡಿ ವಿಷಯ ಹೇಳಿದೆ.

ನನ್ನ ಕೈಯಿಂದ ಫೋನ್ ತೆಗೆದುಕೊಂಡ ಅಪ್ಪ, "ಇಲ್ಲಿಗೆ ಬನ್ನಿ, ನಾನು ಹಾಕ್ತೇನೆ," ಎಂದರು. ಅಷ್ಟಮಿ ಅಲ್ಲವಲ್ಲ ಎಂದು ಅವನು ಹಿಂಜರಿದ. ಆ ಕಡೆಯಿಂದ ಅವನ ತಾಯಿಯ ಗಟ್ಟಿ ದನಿ ಕೇಳಿತು. "ಹರಕೆ ಹೇಳಿಕೊಂಡದ್ದು ನಾನು. ದೇವರ ಹತ್ತಿರ ನಾನು ಮಾತಾಡ್ತೇನೆ. ನೀವು ಬಣ್ಣ ಹಾಕಿ."

ವಿಮಾನ ಹತ್ತುವ ಹಿಂದಿನ ದಿನ ಬೆಳಿಗ್ಗೆ ಅವನು ಮಗಳ ಜೊತೆ ನಮ್ಮ ಅಂಗಳಕ್ಕೆ ಬಂದ. ಹುಡುಗಿ ಒಂದನೇ ಕ್ಲಾಸು ಮುಗಿಸಿದ್ದಳು. ನಾವು ಎರಡು ತೆಂಗಿನ ಮರಗಳ ನಡುವೆ ಬಿದಿರು ಕಟ್ಟಿದೆವು. ಹಳದಿ ಒಣಗಿದ ಮೇಲೆ ಅಪ್ಪ ಬ್ರಷ್ ನನ್ನ ಕೈಗೆ ಕೊಟ್ಟು, "ಬೆನ್ನು ನೀನು ಬರೆ," ಎಂದರು. ಬರೆದೆ. ಇಷ್ಟು ವರ್ಷಗಳಲ್ಲಿ ನಾನು ಮಾಡಿದ ಅತ್ಯುತ್ತಮ ಕೆಲಸ ಅದು. ಮಧ್ಯಾಹ್ನದವರೆಗೆ ಇತ್ತು.

ತಾಸೆ ಬಾರಿಸುವವರು ಸಿಗಲಿಲ್ಲ. ಮೊಬೈಲಿನಲ್ಲಿ ತಾಸೆಯ ಪೆಟ್ಟು ಹಾಕಿದೆವು. ನಡುವೆ ಹಾಸಿಗೆಯ ಜಾಹೀರಾತು ಬಂತು. ಅದು ಮುಗಿಯುವವರೆಗೆ ಹುಲಿ ಒಂದು ಕಾಲು ಎತ್ತಿಕೊಂಡು ಕಾಯಿತು. ಪಕ್ಕದ ಮನೆಯವರು ಗೋಡೆಯ ಮೇಲಿಂದ ನೋಡಿ, "ಈಗ ಎಂತ ಹುಲಿ ಮಾರಾಯ್ರೆ?" ಎಂದು ಕೇಳಿದರು. ಅಪ್ಪ ಮೊಬೈಲಿನ ದನಿ ಏರಿಸಿದರು. ಹುಲಿ ಕುಣಿಯಿತು, ತುಳಸಿಕಟ್ಟೆಯ ಎದುರು ಅಡ್ಡಬಿದ್ದಿತು. ಹುಡುಗಿ ನಕ್ಕು ನಕ್ಕು ನೆಲದಲ್ಲಿ ಕೂತುಬಿಟ್ಟಳು.

ಆಮೇಲೆ ಸೀಮೆಎಣ್ಣೆ, ತೆಂಗಿನೆಣ್ಣೆ, ಹಳೆಯ ಬಟ್ಟೆ. ಮುಂದಿನ ಭಾಗವನ್ನು ಅವನೇ ಉಜ್ಜಿಕೊಂಡ. ಬೆನ್ನನ್ನು ನಾನು ಉಜ್ಜಿದೆ. ಸೊಂಟದ ಹತ್ತಿರ ಬಂದಾಗ ತಾನೂ ಒರೆಸುತ್ತೇನೆಂದು ಹುಡುಗಿ ಹಟಮಾಡಿದ್ದಕ್ಕೆ ತೆಂಗಿನೆಣ್ಣೆಯ ಬಟ್ಟೆ ಕೊಟ್ಟೆ. ಅವಳು ಖುಷಿಯಿಂದ ಒರೆಸುತ್ತಿದ್ದಳು.

"ಬೇಗ ಒರೆಸು," ಎಂದ ಅವನು. "ಇದೆಲ್ಲ ಹೋದರೇ ಅಪ್ಪ ನಾಳೆ ಹೋಗಲಿಕ್ಕೆ ಆಗುವುದು."

ಅವಳು ಬಟ್ಟೆ ಕೆಳಗಿಟ್ಟಳು. ಒಂದು ಪಟ್ಟೆ ಉಳಿದಿತ್ತು. ಅದನ್ನು ಎರಡೂ ಅಂಗೈಗಳಿಂದ ಮುಚ್ಚಿಕೊಂಡು ನಿಂತಳು. ನನ್ನ ಅಪ್ಪ ಅವನ ಮುಖ ನೋಡಿದರು, ಅವನು ನೆಲ ನೋಡಿದ. ಆ ಪಟ್ಟೆ ಹೋಗಲೇಬೇಕಿತ್ತು. ಅವಳಿಗಾಗಿಯೇ ಹೋಗಬೇಕಿತ್ತು. ಕೊನೆಗೆ ಅವನು ಮೆಲ್ಲಗೆ ಅವಳ ಕೈ ಬಿಡಿಸಿ, ಬಟ್ಟೆ ಎತ್ತಿಕೊಂಡು, ಕೈ ಹಿಂದೆ ತಿರುಗಿಸಿ ತಾನೇ ಒರೆಸಿದ.

ಹುಡುಗಿ ಅಳಲಿಲ್ಲ. ನೇರ ನನ್ನ ಹತ್ತಿರ ಬಂದಳು.

"ಆಂಟಿ, ನಿಮ್ಮ ಹತ್ತಿರ ಯಾವತ್ತೂ ಹೋಗದ ಬಣ್ಣ ಉಂಟಂತೆ, ಹೌದಾ?"

"ಉಂಟು," ಎಂದೆ.

"ಮತ್ತೆ ಎಂತಕ್ಕೆ ಅದು ಹಾಕಲಿಲ್ಲ?"