ತಲಕಾಡಿನ ಮೂರನೆಯ ಮೆಟ್ಟಿಲು

ಕನಸು, ಶಕುನ, ಹೂ ಪ್ರಸಾದ, ಇವನ್ನೆಲ್ಲ ನಾನು ನಂಬಿದವಳಲ್ಲ. ಕಾನ್ವೆಂಟಿನಲ್ಲಿ ನಮಗೆ ಪಾಠ ಹೇಳುತ್ತಿದ್ದ ಸಿಸ್ಟರು, ಮಧ್ಯಾಹ್ನದ ಕನಸಿಗೆಲ್ಲ ಹೊಟ್ಟೆ ಬಿರಿಯ ಉಂಡದ್ದೇ ಕಾರಣವೆಂದು ನಗಿಸುತ್ತಿದ್ದರು. ಯಾರಾದರೂ ಅಂಥ ಕತೆ ಹೇಳಿದರೆ ಈಗಲೂ ನನಗೆ ಒಳಗೊಳಗೇ ನಗು ಬರುತ್ತದೆ. ಆದರೂ ನನಗೇ ಆದದ್ದೊಂದನ್ನು ಮುಚ್ಚಿಡದೆ ಬರೆಯುತ್ತೇನೆ. ನೀವು ನಂಬಲೇಬೇಕೆಂದಿಲ್ಲ.

ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿತ್ತು. ಮೈಸೂರಿನ ನಮ್ಮ ಮನೆಯಲ್ಲಿ ನಾನು, ನಮ್ಮ ಯಜಮಾನರು, ಅತ್ತೆ, ಮೂವರೇ. ಅತ್ತೆಯವರ ಕಣ್ಣು ದಿನೇ ದಿನೇ ಮಂಜಾಗುತ್ತಿತ್ತು. ಅದು ಪೊರೆಯಲ್ಲ, ತೆಗೆಯಲು ಬರುವುದಿಲ್ಲ, ನೋಡಬೇಕಾದ್ದನ್ನು ಬೇಗ ನೋಡಿಸಿಬಿಡಿ ಎಂದಿದ್ದರು ಡಾಕ್ಟರು. ಅತ್ತೆಗೆ ಒಂದೇ ಆಸೆ: ತಲಕಾಡಿನ ಮರಳಿನೊಳಗಿರುವ ಶಿವನ ಗುಡಿಯನ್ನು ಕಣ್ಣಾರೆ ನೋಡಬೇಕು.

ಹೋಗುವುದು ಯಾವಾಗ? ಬೇಸಿಗೆಯಲ್ಲಿ ಅಲ್ಲಿನ ಮರಳು ಕಡಲೆ ಹುರಿಯುವ ಬಾಣಲೆಯಂತೆ ಕಾದಿರುತ್ತದೆ. ಮಳೆಗಾಲದಲ್ಲಿ ಹೊಳೆ ತುಂಬಿದರೆ ಹರಿಗೋಲು ದಾಟುವಂತಿಲ್ಲ. ಉಳಿದದ್ದು ಕಾರ್ತೀಕ, ಇಲ್ಲವೇ ಮಾಘ.

“ಮರಳು ನೋಡಕ್ಕೆ ಅಷ್ಟು ದೂರ ಯಾಕಮ್ಮ? ನಮ್ಮ ಬೀದೀಲೇ ಮನೆ ಕಟ್ಟೋರು ಗಾಡಿಗಟ್ಲೆ ಸುರಿದವ್ರೆ” ಎಂದು ಇವರು ರೇಗಿಸಿದರು.

“ಅದರೊಳಗೆ ಶಿವ ಅವ್ನೇನೋ? ಇದ್ರೆ ಹೇಳು, ಇಲ್ಲೇ ಕೈ ಮುಗಿದ್ಬುಡ್ತೀನಿ” ಎಂದರು ಅತ್ತೆ.

ಕೊನೆಗೆ ಹೂ ಪ್ರಸಾದ ಕೇಳುವುದೆಂದಾಯಿತು. ದಸರೆ ಮುಗಿದ ಮೇಲಿನ ಸೋಮವಾರ ಅತ್ತೆಯನ್ನು ಮನೆಯ ಹತ್ತಿರದ ಈಶ್ವರನ ಗುಡಿಗೆ ಕರೆದೊಯ್ದೆ. ಲಿಂಗದ ಮೇಲಿಟ್ಟ ಹೂ ಬಲಕ್ಕೆ ಜಾರಿದರೆ ಅಪ್ಪಣೆ, ಎಡಕ್ಕೆ ಜಾರಿದರೆ ಬೇಡ ಎಂದು ಅರ್ಥ. “ಕಾರ್ತೀಕದಲ್ಲಿ ಬರ್ಲಾ, ನನ್ನಪ್ಪ?” ಎಂದು ಅತ್ತೆ ಕಣ್ಮುಚ್ಚಿ ಕೂತರು. ಅಯ್ಯನವರು ಹೂವಿಟ್ಟು ಬಾವಿಯಿಂದ ನೀರು ತರಲು ಹೊರಗೆ ಹೋದರು. ಅಷ್ಟರಲ್ಲಿ ಕಣಗಿಲೆ ಹೂವೊಂದು ಮೆಲ್ಲನೆ ಬಲಕ್ಕೆ ಜಾರಿತು. ನೋಡಿದವಳು ನಾನೊಬ್ಬಳೇ.

ಕಾರ್ತೀಕದಲ್ಲಿ ನನ್ನ ತಂಗಿಯ ಸೀಮಂತವಿತ್ತು. ತವರಿನಲ್ಲಿ ಹದಿನೈದು ದಿನವಾದರೂ ಇರಬೇಕೆಂದು ನನಗೆ ಆಸೆ. ಮೂರು ತಿಂಗಳಲ್ಲಿ ಏನು ಮಹಾ ವ್ಯತ್ಯಾಸವಾದೀತು, ಹೂವಿಗೇನು ಗೊತ್ತು ಎಂದುಕೊಂಡೆ.

“ಎಡಕ್ಕೆ ಜಾರ್ತು ಅತ್ತೆ” ಎಂದುಬಿಟ್ಟೆ.

“ಹಂಗಾದ್ರೆ ಮಾಘಕ್ಕೇ ಹೋಗಣ ಬುಡಮ್ಮ” ಎಂದರು ಅತ್ತೆ, ಒಂದಿಷ್ಟೂ ಬೇಸರವಿಲ್ಲದೆ.

ಸೀಮಂತ ಮುಗಿಸಿ ಬಂದ ಮೇಲೆ, ಕಾರ್ತೀಕದ ಕೊನೆಯಲ್ಲೊಂದು ಮಧ್ಯಾಹ್ನ. ಅತ್ತೆ ಪಡಸಾಲೆಯ ಚಾಪೆಯ ಮೇಲೆ ಮಲಗಿದ್ದರು. ಪಕ್ಕದಲ್ಲೇ ಅವರೆಕಾಯಿ ಸುಲಿಯುತ್ತಿದ್ದ ನನಗೆ ಗೋಡೆಗೊರಗಿದಲ್ಲೇ ಜೊಂಪು ಹತ್ತಿತು. ಕನಸಿನಲ್ಲಿ ಎಲ್ಲೆಲ್ಲೂ ಮರಳು, ತಿಳಿಹಳದಿ ಬಿಸಿಲು. ಗಾಳಿ ಬೀಸುತ್ತಿದ್ದರೂ ಸದ್ದೇ ಇಲ್ಲ. ಅತ್ತೆಯ ಕೈ ನನ್ನ ಕೈಯಲ್ಲಿತ್ತು. ಮರಳಿನ ನಡುವೆ ಕೆಳಗಿಳಿಯುವ ಕಲ್ಲಿನ ಮೆಟ್ಟಿಲುಗಳು. ಒಂದು, ಎರಡು, ಮೂರನೆಯದರ ಅಂಚು ಮುಕ್ಕಾಗಿತ್ತು. ಅಲ್ಲಿ ಎಡವಿದೆ. ಬೆಚ್ಚಿ ಎಚ್ಚರಾದಾಗ ಸುಲಿದ ಕಾಳೆಲ್ಲ ನೆಲದ ಮೇಲಿತ್ತು.

ಅತ್ತೆ ಎದ್ದು ಕೂತು ಅಂಗಾಲನ್ನು ಕೈಯಿಂದ ಒರೆಸಿಕೊಳ್ಳುತ್ತಿದ್ದರು.

“ಏನಾಯ್ತತ್ತೆ?”

“ಏನಿಲ್ಲ ಕಣಮ್ಮ. ಬಿಸಿ ಸ್ವಲ್ಪ.”

ನಾನು ಬಗ್ಗಿ ಕಾಳು ಆಯ್ದುಕೊಂಡೆ. ಕನಸನ್ನು ಯಾರಿಗೂ ಹೇಳಲಿಲ್ಲ.

ಪುಷ್ಯದಲ್ಲಿ ಒಂದು ಬೆಳಿಗ್ಗೆ ಅತ್ತೆ, “ದೀಪ ಹಚ್ಚಲಿಲ್ವೇನಮ್ಮ?” ಎಂದು ಕೇಳಿದರು. ದೀಪ ಅವರೆದುರಿಗೇ ಉರಿಯುತ್ತಿತ್ತು. ಅಂದಿನಿಂದ ಅವರಿಗೆ ಏನೂ ಕಾಣಲಿಲ್ಲ. ನಾನು ಬಚ್ಚಲುಮನೆಯಲ್ಲಿ ಬಾಯಿಗೆ ಸೆರಗು ತುರುಕಿಕೊಂಡು ಅತ್ತುಬಿಟ್ಟೆ. ಅಪ್ಪಣೆ ಸಿಕ್ಕಿದ ತಿಂಗಳನ್ನು ಸೀಮಂತದೂಟಕ್ಕಾಗಿ ಕಳೆದವಳು ನಾನು.

ಆದರೂ ಮಾಘದಲ್ಲಿ ಹೋಗಲೇಬೇಕೆಂದು ಅವರು ಹಟ ಹಿಡಿದರು. ಬಸ್ಸಿಳಿದು, ಹೊಳೆ ದಾಟಿ, ಮರಳು ಹತ್ತಿದೆವು. ನಾನು ತಲಕಾಡಿಗೆ ಕಾಲಿಟ್ಟದ್ದು ಅದೇ ಮೊದಲು. ಇವರು ಹಣ್ಣುಕಾಯಿ ಕೊಳ್ಳಲು ಹಿಂದೆ ಉಳಿದರು. ನಾನು ಅತ್ತೆಯ ಕೈ ಹಿಡಿದು ನಡೆದೆ. ಗುಡಿಯ ಮೆಟ್ಟಿಲ ಬಳಿ ಅತ್ತೆಯೇ ನನ್ನ ಕೈಯನ್ನು ಬಿಗಿಯಾಗಿ ಹಿಡಿದರು.

“ನಿಧಾನ ಕಣಮ್ಮ. ಮೂರನೇದು ಮುಕ್ಕಾಗದೆ. ಹೋದ ಸಲ ಇಲ್ಲೇ ಎಡವಿದ್ಯಲ್ಲ.”

ಬಗ್ಗಿ ನೋಡಿದೆ. ಮೂರನೆಯ ಮೆಟ್ಟಿಲಿನ ಅಂಚು ಒಡೆದಿತ್ತು.

“ಹೋದ ಸಲ ಯಾವಾಗತ್ತೆ?”

“ಕಾರ್ತೀಕದಲ್ಲಿ. ಮರ್ತ್ಬುಟ್ಯಾ? ನೀನೇ ಕೈ ಹಿಡ್ಕೊಂಡು ಕರ್ಕೊಂಡ್ ಬಂದೆ. ಕಣ್ತುಂಬ ನೋಡ್ಬುಟ್ಟೆ ಕಣವ್ವ. ಇವತ್ತು ಸುಮ್ನೆ ಕೈ ಮುಗಿಯಣ ಅಂತ ಬಂದಿದ್ದು.”

ಅತ್ತೆ ಚಿಕ್ಕಂದಿನಲ್ಲಿ ಯಾರ ಬಾಯಲ್ಲೋ ಆ ಮೆಟ್ಟಿಲ ಸುದ್ದಿ ಕೇಳಿದ್ದಿರಬಹುದು. ಎಂದೋ ನನಗೂ ಹೇಳಿ, ನಾನು ಮರೆತಿರಬಹುದು. ಎಷ್ಟೋ ಸಲ ಹೀಗೆ ಸಮಾಧಾನ ಮಾಡಿಕೊಂಡಿದ್ದೇನೆ. ಆದರೆ ನನ್ನ ಕನಸಿನಲ್ಲಿ ನಾನು ಎಡವಿದ್ದನ್ನು ಅವರಿಗೆ ಹೇಳಿದವರಾರು?

ಹೂವಿನ ವಿಷಯ ಅವರಿಗೆ ಹೇಳಬೇಕೆಂದು ಅನೇಕ ಸಲ ಬಾಯಿ ತೆರೆದೆ, ಆಗಲಿಲ್ಲ. ಅವರು ತೀರಿಕೊಂಡು ಈಗ ವರ್ಷಗಳಾದವು. ಅವರಿದ್ದಷ್ಟು ದಿನ ಅಕ್ಕಪಕ್ಕದ ಹೆಂಗಸರು ಬಂದು, ತಲಕಾಡಿಗೆ ಯಾವ ತಿಂಗಳು ಒಳ್ಳೇದೆಂದು ಕೇಳಿದರೆ, “ಕಾರ್ತೀಕದಲ್ಲಿ ಹೋಗ್ರವ್ವ. ಬಿಸಿಲು ಹಿತವಾಗಿರ್ತದೆ. ನನ್ನ ಸೊಸೆ ಆಗ್ಲೇ ಕರ್ಕೊಂಡ್ ಹೋಗಿದ್ದು” ಎನ್ನುತ್ತಿದ್ದರು. ಒಳಗೆ ಕಾಫಿ ಸೋಸುತ್ತಿದ್ದ ನಾನು ಒಂದು ದಿನವೂ ಅಲ್ಲವೆನ್ನಲಿಲ್ಲ. ಹಾಗೆ ಸುಮ್ಮನಿದ್ದು ನಾನು ಎರಡನೆಯ ಸುಳ್ಳು ಹೇಳಿದೆನೋ, ನಿಜವನ್ನೇ ಒಪ್ಪಿಕೊಂಡೆನೋ, ಇವತ್ತಿಗೂ ನನಗೆ ತಿಳಿಯದು.