ಒರೆಸಿದ ಗೆರೆ

ಬಾಬು ಸಾಬ್ ಇಪ್ಪತ್ತೇಳು ವರ್ಷ ಭದ್ರಾವತಿಯ ಒಂದು ವರ್ಕ್‌ಶಾಪಿನಲ್ಲಿ ಲೇತ್ ನಡೆಸಿದವರು. ಉಸ್ತಾದರು ಮೊದಲ ದಿನ ಕಲಿಸಿದ್ದು ಒಂದೇ ಪಾಠ: ಅಳತೆ ನೋಡುವ ಮುಂಚೆ ಅಳತೆಪಟ್ಟಿ ಒರೆಸಬೇಕು. ಎಣ್ಣೆ ಮೆತ್ತಿದ ಪಟ್ಟಿಯನ್ನು ಹಾಗೇ ಓದಿದರೆ ಕೆನ್ನೆಗೆ ಬೀಳುತ್ತಿತ್ತು. ವರ್ಕ್‌ಶಾಪು ಮುಚ್ಚಿತು, ಅಭ್ಯಾಸ ಉಳಿಯಿತು.

ಆಮೇಲೆ ಸಿಕ್ಕ ಕೆಲಸವೂ ಅಳತೆಯದ್ದೇ. ಹೊಳೆಹೊನ್ನೂರಿನ ಕಡೆ ಭದ್ರೆಯ ದಂಡೆಯಲ್ಲಿ, ಜೊಂಡು ಬೆಳೆದ ಜವುಗಿನ ಪಕ್ಕ, ಮೆಟ್ಟಿಲ ಬುಡದಲ್ಲಿ ಒಂದು ಕಾಂಕ್ರೀಟ್ ಕಂಬ. ಅದಕ್ಕೆ ಕಪ್ಪು ಬಿಳಿ ಗೆರೆಗಳ ಪಟ್ಟಿ. ಹೊಳೆಯ ಮೇಲ್ಭಾಗದ ಖಾಸಗಿ ವಿದ್ಯುತ್ ಘಟಕದಿಂದ ಹೊಳೆಗೂ ಜವುಗಿಗೂ ಏನಾಗುತ್ತಿದೆ ಎಂದು ತಿಳಿಯಲು ಶಿವಮೊಗ್ಗದ ದುರ್ಗಿಗುಡಿಯಲ್ಲಿ ಸರ್ಕಾರದವರು ಒಂದು ಆಫೀಸು ತೆರೆದಿದ್ದರು. ಅವರಿಗಾಗಿ ಬೆಳಗ್ಗೆ ಎಂಟಕ್ಕೆ, ಸಂಜೆ ಐದಕ್ಕೆ ನೀರಿನ ಮಟ್ಟ ಬರೆಯಬೇಕು. ಮೂರು ವರ್ಷದಲ್ಲಿ, ಬಕ್ರೀದ್ ದಿನವೂ ಸೇರಿ, ಬಾಬು ಸಾಬ್ ಒಂದು ಹೊತ್ತೂ ತಪ್ಪಿಸಲಿಲ್ಲ. ಟಿವಿಎಸ್ ನಿಲ್ಲಿಸಿ ಇಳಿಯುವುದು, ಹೆಗಲ ಬಟ್ಟೆಯಿಂದ ಪಟ್ಟಿಯನ್ನು ಮೇಲಿಂದ ಕೆಳಗೆ ಒರೆಸುವುದು, ಕನ್ನಡಕ ಹಾಕಿ ಓದುವುದು. ಪಟ್ಟಿಯ ಮೇಲೆ ದಿನವೂ ಕೆಸರಿರುತ್ತಿತ್ತು. ಎಮ್ಮೆಗಳು ಮೈ ಉಜ್ಜಿರಬೇಕು ಎಂದುಕೊಂಡಿದ್ದರು. ಮಳೆಗಾಲ ಬಿಟ್ಟರೆ ಅಂಕಿ ಅಲ್ಲಾಡುತ್ತಿರಲಿಲ್ಲ.

ಆ ಅಂಕಿಯೇ ದ್ಯಾಮಮ್ಮನವರಿಗೆ ಮುಳುವಾಯಿತು. ಜೊಂಡು ಕೊಯ್ದು ಚಾಪೆ ಹೆಣೆಯುವ ಹೆಂಗಸು ಅವರು. ಹೋದ ತಿಂಗಳು ಆ ಆಫೀಸಿನವರು ಭದ್ರಾವತಿಯಲ್ಲಿ ಕರೆದ ಸಭೆಯಲ್ಲಿ ಎದ್ದು ನಿಂತು, ನಡುಮಧ್ಯಾಹ್ನ ಹೊಳೆ ಏರುತ್ತದೆ, ಕೊಯ್ದಿಟ್ಟ ಜೊಂಡು ತೇಲಿಹೋಗುತ್ತದೆ, ಬುಡದ ಮಣ್ಣೇ ಕುಸಿಯುತ್ತಿದೆ, ಇನ್ನೆರಡು ವರ್ಷಕ್ಕೆ ಜವುಗೇ ಇರುವುದಿಲ್ಲ ಎಂದರು. ಘಟಕದ ಅಧಿಕಾರಿ ಬಾಬು ಸಾಬರ ಕಡೆ ತಿರುಗಿದರು.

“ನನ್ನ ಪುಸ್ತಕದಲ್ಲಿ ಅಂಥದ್ದೇನಿಲ್ಲ ಸರ್,” ಎಂದರು ಬಾಬು ಸಾಬ್.

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ನೀರನ್ನು ಒಮ್ಮೆಗೇ ನುಗ್ಗಿಸದೆ ದಿನವಿಡೀ ಸಮನಾಗಿ ಬಿಡಬೇಕೋ ಬೇಡವೋ ಎಂಬ ತೀರ್ಮಾನ ಮುಂದಿನ ಸಭೆಗೆ ಹೋಯಿತು. ಅಂದಿನಿಂದ ದ್ಯಾಮಮ್ಮ ಕಂಡಾಗಲೆಲ್ಲ ಚುಚ್ಚುತ್ತಿದ್ದರು: “ಏನ್ ಸಾಬ್ರೆ, ಇವತ್ತೂ ಹೊಳೆ ಮಲ್ಕೊಂಡೇ ಐತಾ?”

ಸಭೆಗೆ ನಾಲ್ಕು ದಿನವಿರುವಾಗ ಬಾಬು ಸಾಬ್ ಕನ್ನಡಕವನ್ನು ಕೆಳಗಿನಿಂದ ಮೂರನೇ ಮೆಟ್ಟಿಲ ಮೇಲೆ ಮರೆತು ಬಂದರು. ಊಟಕ್ಕೆ ಕೂತಾಗ ನೆನಪಾಯಿತು. ತಿರುಗಿ ಹೋಗಿ ನೋಡಿದರೆ ಮೂರನೇ ಮೆಟ್ಟಿಲೇ ಇಲ್ಲ. ಐದನೆಯದರ ಮೇಲೂ ಕೆಂಪು ನೀರು ಆಡುತ್ತಿತ್ತು. ಮೋಡವಿಲ್ಲದ ಮಾರ್ಚ್ ಬಿಸಿಲು.

ದ್ಯಾಮಮ್ಮ ಸೊಂಟದ ತನಕ ನೀರಿನಲ್ಲಿ ನಿಂತು ಜೊಂಡಿನ ಕಟ್ಟು ಎಳೆಯುತ್ತಿದ್ದರು. “ಏನ್ ಹುಡುಕ್ತೀರಿ ಮಾರಾಯ್ರೆ?”

“ಕನ್ನಡಕ.”

“ಹೊಳೆ ಹಾಕ್ಕೊಂಡು ಹೋಯ್ತು ಬಿಡಿ. ಅದಕ್ಕಾದ್ರೂ ಕಣ್ಣು ಕಾಣ್ಲಿ.”

ಬಾಬು ಸಾಬ್ ಅಲ್ಲೇ ಕೂತರು. ಎರಡು ಗಂಟೆಯ ಹೊತ್ತಿಗೆ ಮೆಟ್ಟಿಲುಗಳು ಒಂದೊಂದಾಗಿ ಮೇಲೆದ್ದವು. ಐದಕ್ಕೆ ನೀರು ಎಂದಿನ ಗೆರೆಗೆ ಬಂದಿತ್ತು, ಪುಸ್ತಕದಲ್ಲಿ ಇರುವಂತೆಯೇ. ಅಭ್ಯಾಸಬಲದಿಂದ ಬಟ್ಟೆ ಹಿಡಿದು ಪಟ್ಟಿಗೆ ಕೈ ಚಾಚಿದರು. ನೀರಿಗಿಂತ ಒಂದು ಮೊಳ ಮೇಲೆ ಕೆಸರಿನ ಗೆರೆ ಹಸಿಯಾಗಿತ್ತು. ಕೈ ಅಲ್ಲೇ ನಿಂತಿತು. ಮೂರು ವರ್ಷ, ದಿನಕ್ಕೆರಡು ಸಲ, ಹೊಳೆ ತಾನೇ ಬರೆದಿಟ್ಟ ಸಾಕ್ಷಿಯನ್ನು ಅವರು ಚೊಕ್ಕಟವಾಗಿ ಒರೆಸಿ, ಆಮೇಲೆ ಓದಿದ್ದರು.

ಮರುದಿನ ಬಸ್ಸು ಹತ್ತಿ ದುರ್ಗಿಗುಡಿಗೆ ಹೋದರು. ಅಂಕಿಗಳನ್ನು ಕಂಪ್ಯೂಟರಿಗೆ ಏರಿಸುವ ಭವಾನಿ ಎಲ್ಲ ಕೇಳಿ ಪೆನ್ನು ಕೆಳಗಿಟ್ಟಳು.

“ಬೆಳಗ್ಗೆ, ರಾತ್ರಿ ಕರೆಂಟಿಗೆ ಬೇಡಿಕೆ ಜಾಸ್ತಿ. ಆಗ ಮೆಷಿನ್ ಓಡಿಸ್ತಾರೆ. ಆ ನೀರು ನಿಮ್ಮ ಹತ್ರ ಬರೋದು ನಾಲ್ಕೈದು ತಾಸು ಬಿಟ್ಟು, ಮಧ್ಯಾಹ್ನಕ್ಕೆ, ನಡುರಾತ್ರಿಗೆ. ನಾವು ಕೊಟ್ಟ ಟೈಮೇ ತಪ್ಪು ಬಾಬಣ್ಣ. ನಿಮ್ದಲ್ಲ.”

“ಒರೆಸಿದ್ದು ನಾನಲ್ವಾ ಮೇಡಂ. ಅದನ್ನ ಪುಸ್ತಕದಲ್ಲಿ ಬರೀತೀನಿ.”

“ಬರೆದ್ರೆ ಮೂರು ವರ್ಷದ ಪುಸ್ತಕ ಪೂರ್ತಿ ಅನುಮಾನಕ್ಕೆ ಬೀಳುತ್ತೆ. ನಿಮ್ಮನ್ನ ಇಟ್ಕೋತಾರೆ ಅಂತ ನಾನು ಹೇಳಲಾರೆ.”

ಮನೆಯಲ್ಲಿ ಸರ್ವರ್ ಬೀ ಗಂಡ ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು. “ತುಂಬಿದ ಸಭೇಲಿ ಆ ಹೆಂಗಸನ್ನ ಸುಳ್ಳಿ ಮಾಡಿದ್ರಿ. ಈಗ ತಪ್ಪನ್ನ ಬರೆಯೋಕೆ ಹಿಂದೆಮುಂದೆ ನೋಡಿದ್ರೆ ಹೇಗೆ?”

ಬಾಬು ಸಾಬ್ ಹೆಂಡತಿಯ ಕನ್ನಡಕ ಹಾಕಿಕೊಂಡು, ಷರಾ ಬರೆಯುವ ಅಂಕಣದಲ್ಲಿ ದಪ್ಪ ಅಕ್ಷರದಲ್ಲಿ ಬರೆದರು: ಪ್ರತಿದಿನ ಓದುವ ಮೊದಲು ಕೆಸರಿನ ಗೆರೆಯನ್ನು ನಾನೇ ಒರೆಸಿದ್ದೇನೆ. ಮಧ್ಯಾಹ್ನ ನೀರು ಏರುವುದು ನಿಜ. ದ್ಯಾಮಮ್ಮ ಹೇಳಿದ್ದು ಸರಿ.

ಸಭೆಯಲ್ಲಿ ಅದನ್ನು ಗಟ್ಟಿಯಾಗಿ ಓದಿದರು. ಈ ಸಲ ಯಾರೂ ನಗಲಿಲ್ಲ. ಆದರೆ ಘಟಕದ ಅಧಿಕಾರಿ, ಇಂಥ ಪುಸ್ತಕವನ್ನು ಯಾವ ಕಡೆಗೂ ನಂಬಲಾಗದು ಎಂದರು. ಗಂಟೆಗೊಮ್ಮೆ ತಾನೇ ಅಳೆಯುವ ಯಂತ್ರ ಕೂರಿಸಿ, ಒಂದು ವರ್ಷ ನೋಡಿ, ಆಮೇಲೆ ತೀರ್ಮಾನಿಸುವುದೆಂದಾಯಿತು. ಓದುವ ಆಳು ಇನ್ನು ಬೇಕಿರಲಿಲ್ಲ.

ಹೊರಗೆ ದ್ಯಾಮಮ್ಮ ಕೇಳಿದರು, “ಒಂದು ವರ್ಷ ಅಂದ್ರೆ ಜವುಗು ಕಾಯ್ತದಾ ಸಾಬ್ರೆ?”



ಯಂತ್ರ ಇನ್ನೂ ಬಂದಿಲ್ಲ. ಬಾಬು ಸಾಬ್ ಈಗ ಮಧ್ಯಾಹ್ನ ದಂಡೆಯಲ್ಲಿರುತ್ತಾರೆ, ಹೆಗಲ ಮೇಲೆ ಬಟ್ಟೆ ಇಲ್ಲದೆ. ಕೈಯಲ್ಲಿ ಲೇತಿನ ಕಾಲದ ಹಳೆಯ ಉಕ್ಕಿನ ಮೊಳೆ. ನೀರು ಏರಿ ನಿಂತ ಜಾಗಕ್ಕೆ, ಮೆಟ್ಟಿಲ ಪಕ್ಕದ ಕಲ್ಲಿನಲ್ಲಿ, ದಿನಕ್ಕೊಂದು ಗೀಟು ಕೊರೆಯುತ್ತಾರೆ. ಅದಕ್ಕೂ ಮುಂಚೆ, ಹತ್ತೂವರೆಗೆ, ನೀರು ಬರುವ ಹೊತ್ತಾಯಿತೆಂದು ದಂಡೆಯಿಂದ ಕೂಗು ಹಾಕುತ್ತಾರೆ. ದ್ಯಾಮಮ್ಮ ಕುಡುಗೋಲು ಸೊಂಟಕ್ಕೆ ಸಿಕ್ಕಿಸಿ, ಕೊಯ್ದಷ್ಟನ್ನು ಮೇಲಕ್ಕೆಳೆಯುತ್ತಾರೆ.